ತಾರೀಖು ಇಲ್ಲದ ಸುದ್ದಿ



ನೀವು ಅಕ್ಷರ ಕಲಿತಿರಿ. ಹೆಸರು ಬರೆಯಲು ಕಲಿತಿರಿ. ಬಸ್ಸಿನ ಬೋರ್ಡು ಓದಲು ಕಲಿತಿರಿ. ಹಿಂದಿನ ಪಾಠದಲ್ಲಿ ಪತ್ರ ಬರೆಯುವುದನ್ನೂ ಕಲಿತಿರಿ. ಈಗ ಇನ್ನೊಂದು ಓದು ಕಲಿಯೋಣ. ಮೊಬೈಲಿಗೆ ಬರುವ ಸುದ್ದಿಯನ್ನು, ಪಟವನ್ನು ಓದುವುದು ಹೇಗೆ ಎಂದು ತಿಳಿಯೋಣ.

"ಪಟ ನೋಡೋದು ಸರಿ. ಅದನ್ನ ಓದೋದು ಹೆಂಗೆ?" ಎಂದು ನೀವು ಕೇಳಬಹುದು. ಅದಕ್ಕೆ ನಮ್ಮ ಮನೆಯಲ್ಲಿ ನಡೆದ ಸಂಗತಿಯನ್ನೇ ಹೇಳುತ್ತೇವೆ. ಇದರಲ್ಲಿ ನಮ್ಮ ತಪ್ಪೂ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

1. ನಮ್ಮ ಮನೆ

ನಮ್ಮ ಮನೆ ಸಂಡೂರಿನಲ್ಲಿದೆ. ಸುತ್ತಲೂ ಬೆಟ್ಟ. ಬೆಟ್ಟದಲ್ಲಿ ಕಬ್ಬಿಣದ ಅದಿರು. ಅದಿರಿನ ಲಾರಿ ಓಡಾಡುವ ದಾರಿಯಲ್ಲಿ ಗಿಡದ ಎಲೆಯೂ ಕೆಂಪು. ಒಗೆದು ಹಾಕಿದ ಬಿಳಿ ಬಟ್ಟೆಯೂ ಸಂಜೆಗೆ ಕೆಂಪು.

ಮನೆಯಲ್ಲಿ ಐದು ಜನ. ಅತ್ತೆ, ನಮ್ಮ ಯಜಮಾನರು, ನಾವು, ಮಗಳು, ಮಗ. ನಾವು ಡಿ.ಇಡಿ. ಓದಿ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತೇವೆ. ಸಂಜೆ ದೊಡ್ಡವರಿಗೆ ಅಕ್ಷರ ಕಲಿಸುತ್ತೇವೆ. ಅತ್ತೆಯೂ ಅಲ್ಲಿಗೆ ಬರುತ್ತಾರೆ. ಮನೆಯಲ್ಲಿ ಅವರ ಮಾತು ನಾವು ಕೇಳಬೇಕು. ಕಲಿಕಾ ಕೇಂದ್ರದಲ್ಲಿ ನಮ್ಮ ಮಾತು ಅವರು ಕೇಳಬೇಕು. "ಹಗಲು ನಾನು ಅತ್ತೆ, ಸಂಜೆ ನೀನು ಅತ್ತೆ" ಎಂದು ನಗುತ್ತಾರೆ.

ಯಜಮಾನರು ಪ್ರೌಢಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಾರೆ. ಪಟ ತೆಗೆಯುವುದು, ದನಿ ಹಿಡಿಯುವುದು, ವಿಡಿಯೋ ಕತ್ತರಿಸಿ ಜೋಡಿಸುವುದು, ಇವನ್ನೂ ಮಕ್ಕಳಿಗೆ ಹೇಳಿಕೊಡುತ್ತಾರೆ. ಇದಕ್ಕೆ ಡಿಜಿಟಲ್ ಮಾಧ್ಯಮ ಎನ್ನುತ್ತಾರೆ. ಓಣಿಯವರು ಅವರನ್ನು ಕಂಪ್ಯೂಟರ್ ಮೇಷ್ಟ್ರು ಎಂದು ಕರೆಯುತ್ತಾರೆ.

ಶಾಲೆ ಬಿಟ್ಟ ಮೇಲೂ ಅವರಿಗೆ ಅದೇ ಹುಚ್ಚು. ಬೆಳಿಗ್ಗೆ ಎದ್ದರೆ ರೇಡಿಯೋ. ಹೊಸಪೇಟೆ ಆಕಾಶವಾಣಿ ಕೇಳುತ್ತಲೇ ಗಡ್ಡ ಕೆರೆಯುವುದು. ಭಾನುವಾರ ಬಂದರೆ ಕ್ಯಾಮೆರಾ ಒರೆಸುವುದು. ಅತ್ತೆ ರೊಟ್ಟಿ ಬಡಿಯುವ ಸದ್ದನ್ನೂ ಮೊಬೈಲಿನಲ್ಲಿ ಹಿಡಿದಿಟ್ಟಿದ್ದಾರೆ. ಅತ್ತೆ ಹೇಳುವ ಬೀಸುವ ಪದಗಳನ್ನೂ ಹಿಡಿದಿಟ್ಟಿದ್ದಾರೆ.

ಒಂದು ದಿನ ಮಕ್ಕಳಿಗೆ ಒಂದು ಸದ್ದು ಕೇಳಿಸಿದರು. "ಇದು ಏನು ಹೇಳಿ?" ಎಂದರು.

"ಮಳೆ!" ಎಂದಳು ಮಗಳು. "ತಗಡಿನ ಮೇಲೆ ಬೀಳೋ ಮಳೆ" ಎಂದ ಮಗ.

ಯಜಮಾನರು ನಕ್ಕರು. ಅದು ಮಳೆಯಲ್ಲ. ಅತ್ತೆ ಎಣ್ಣೆಯಲ್ಲಿ ಮಿರ್ಚಿ ಕರಿಯುವ ಸದ್ದು! ಎಲ್ಲರೂ ನಕ್ಕೆವು. ಮಂಡಕ್ಕಿ ಜೊತೆ ಅದೇ ಮಿರ್ಚಿ ತಿಂದೆವು. ಕಿವಿಯೂ ಮೋಸ ಹೋಗುತ್ತದೆ ಎಂದು ಅವತ್ತೇ ನಾವು ತಿಳಿಯಬೇಕಿತ್ತು. ತಿಳಿಯಲಿಲ್ಲ.

2. ಮಾಧ್ಯಮ ಎಂದರೇನು?

ಒಬ್ಬರ ಮಾತನ್ನು ಹಲವರಿಗೆ ಮುಟ್ಟಿಸುವ ಸಾಧನವೇ ಮಾಧ್ಯಮ. ಹಿಂದೆ ಊರಲ್ಲಿ ಡಂಗುರ ಸಾರುತ್ತಿದ್ದರು. ಅದೂ ಮಾಧ್ಯಮವೇ. ಆಮೇಲೆ ಪತ್ರಿಕೆ ಬಂತು. ರೇಡಿಯೋ ಬಂತು. 1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರು ಮಾಡಿದರು. ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂತು. ಮುಂದೆ ಇಡೀ ದೇಶದ ರೇಡಿಯೋಕ್ಕೆ ಅದೇ ಹೆಸರಾಯಿತು. ಆಮೇಲೆ ಟಿ.ವಿ. ಬಂತು. ಈಗ ಮೊಬೈಲು.

ಡಂಗುರ ಸಾರುವವನ ಮುಖ ಊರಿಗೆ ಗೊತ್ತು. ಪತ್ರಿಕೆಯಲ್ಲಿ ಊರು, ತಾರೀಖು, ಸಂಪಾದಕರ ಹೆಸರು ಇರುತ್ತದೆ. ರೇಡಿಯೋದಲ್ಲಿ ಯಾವ ಕೇಂದ್ರ ಎಂದು ಹೇಳುತ್ತಾರೆ. ಆದರೆ ಮೊಬೈಲಿಗೆ ಬರುವ ಸುದ್ದಿ? ಅದನ್ನು ಯಾರು ಬೇಕಾದರೂ ಬರೆಯಬಹುದು. ಯಾರು ಬೇಕಾದರೂ ಕಳಿಸಬಹುದು. ಡಂಗುರ ಎಲ್ಲರ ಕೈಗೂ ಬಂದಿದೆ. ಸಾರುವವನ ಮುಖ ಮಾತ್ರ ಕಾಣುವುದಿಲ್ಲ.

3. ತಲೆಕೆಳಗಾದ ಗೋಪುರ

2024ರ ಜನವರಿಯಲ್ಲಿ ಒಂದು ಭಾನುವಾರ ಎಲ್ಲರೂ ಹಂಪಿಗೆ ಹೋದೆವು. ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೆವು. ಸಂಡೂರಿನಿಂದ ಹೊಸಪೇಟೆಗೆ ಒಂದು ಬಸ್ಸು. ಅಲ್ಲಿಂದ ಹಂಪಿಗೆ ಇನ್ನೊಂದು. ಸಂಡೂರು ಇರುವುದು ಬಳ್ಳಾರಿ ಜಿಲ್ಲೆಯಲ್ಲಿ. ಹೊಸಪೇಟೆ, ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಅತ್ತೆ ಬಸ್ಸಿನ ಬೋರ್ಡನ್ನು ತಾವೇ ಓದಿದರು.

ವಿರೂಪಾಕ್ಷ ಗುಡಿಯ ದೊಡ್ಡ ಗೋಪುರ ಸುಮಾರು 50 ಮೀಟರ್ ಎತ್ತರ. ಗುಡಿಯ ಹಿಂಬದಿಯಲ್ಲಿ ಒಂದು ಕತ್ತಲ ಕೋಣೆ ಇದೆ. ಅದರ ಗೋಡೆಯಲ್ಲಿ ಸಣ್ಣ ಕಿಂಡಿ. ಎದುರಿನ ಗೋಡೆಯ ಮೇಲೆ ಗೋಪುರ ಮೂಡುತ್ತದೆ. ಆದರೆ ತಲೆಕೆಳಗಾಗಿ! ಕಳಸ ಕೆಳಗೆ, ಬುಡ ಮೇಲೆ.

ಅತ್ತೆ ಕೈ ಮುಗಿದರು. ಆಮೇಲೆ ಕೇಳಿದರು: "ಇದು ಹೆಂಗಪ್ಪಾ ಉಲ್ಟಾ ಆಗೈತೆ?"

ಯಜಮಾನರು ಹೇಳಿದರು: "ಅವ್ವಾ, ಬೆಳಕು ನೇರವಾಗಿ ಹೋಗುತ್ತೆ. ಬಾಗೋದಿಲ್ಲ. ಗೋಪುರದ ತುದಿಯ ಬೆಳಕು ಮೇಲಿನಿಂದ ಇಳೀತಾ ಬಂದು ಕಿಂಡಿ ದಾಟುತ್ತೆ. ಗೋಡೆಯ ಕೆಳಗೆ ಬೀಳುತ್ತೆ. ಬುಡದ ಬೆಳಕು ಕೆಳಗಿನಿಂದ ಏರ್ತಾ ಬಂದು ಗೋಡೆಯ ಮೇಲಕ್ಕೆ ಬೀಳುತ್ತೆ. ಅದಕ್ಕೇ ಉಲ್ಟಾ. ಕ್ಯಾಮೆರಾ ಅಂದ್ರೂ ಇಷ್ಟೇ. ಒಂದು ಕತ್ತಲ ಪೆಟ್ಟಿಗೆ, ಬೆಳಕು ಬರೋಕೆ ಒಂದು ಕಿಂಡಿ. ಮೊಬೈಲಿನಲ್ಲೂ ಅದೇ ಐತೆ."

ಅತ್ತೆ ಸ್ವಲ್ಪ ಹೊತ್ತು ಗೋಡೆಯನ್ನೇ ನೋಡಿದರು. "ಹಂಗಾದ್ರೆ ಗೋಪುರ ಕಾಣ್ತಿರೋದು ಖರೇ. ಉಲ್ಟಾ ನಿಂತೈತೆ ಅನ್ನೋದು ಮಾತ್ರ ಸುಳ್ಳು" ಎಂದರು.

ನೋಡಿ, ಎಂಥ ಮಾತು! ಪಟ ನಿಜವಿರಬಹುದು. ಆದರೂ ಅದು ತಪ್ಪು ತಿಳಿಸಬಹುದು. ಹೊರಗೆ ಬಂದು ಗೋಪುರ ನೋಡಿದವರಿಗೆ ಮಾತ್ರ ಸರಿ ತಪ್ಪು ಗೊತ್ತಾಗುತ್ತದೆ.

4. ಐವತ್ತು ರೂಪಾಯಿ ನೋಟು

ಅಲ್ಲಿಂದ ವಿಜಯ ವಿಠ್ಠಲ ಗುಡಿಗೆ ಹೋದೆವು. ಅಲ್ಲಿ ಕಲ್ಲಿನ ರಥ ಇದೆ. ನಿಮ್ಮ ಹತ್ತಿರ ತಿಳಿನೀಲಿ ಬಣ್ಣದ ಐವತ್ತು ರೂಪಾಯಿ ನೋಟು ಇದೆಯೇ? 2017ರಲ್ಲಿ ಬಂದ ನೋಟು. ಅದರ ಹಿಂಬದಿ ನೋಡಿ. ಅಲ್ಲಿ ಇರುವುದೇ ಈ ರಥ. ಮಗ ನೋಟನ್ನು ಎತ್ತಿ ಹಿಡಿದು ರಥದ ಜೊತೆ ತಾಳೆ ನೋಡಿದ. ಎರಡೂ ಒಂದೇ.

ಆಗ ಯಜಮಾನರು ಮೊಬೈಲಿನಲ್ಲಿ ಒಂದು ಹಳೆಯ ಪಟ ತೋರಿಸಿದರು. ಅದರಲ್ಲೂ ಇದೇ ರಥ. ಆದರೆ ರಥದ ತಲೆಯ ಮೇಲೆ ಇಟ್ಟಿಗೆಯ ಗೋಪುರ!

"ಇದು ಸುಳ್ಳು ಪಟ" ಎಂದಳು ಮಗಳು. "ಇಲ್ಲಿ ಎಲ್ಲೈತೆ ಗೋಪುರ? ನೋಟಿನಲ್ಲೂ ಇಲ್ಲ."

"ಸುಳ್ಳಲ್ಲ" ಎಂದರು ಯಜಮಾನರು. ಅದು 1856ರ ಪಟ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಬ್ರಿಟಿಷ್ ಸೇನಾಧಿಕಾರಿ ತೆಗೆದದ್ದು. ಆಗ ಫಿಲಂ ರೀಲು ಇರಲಿಲ್ಲ. ಮೇಣ ಹಚ್ಚಿದ ಕಾಗದದ ಮೇಲೆ ಪಟ ಮೂಡಿಸುತ್ತಿದ್ದರು. ಆಗ ರಥದ ಮೇಲೆ ಇಟ್ಟಿಗೆಯ ಗೋಪುರ ಇತ್ತು. ಈಗ ಇಲ್ಲ.

ಈಗ ಯೋಚಿಸಿ. ಆ ಪಟದ ಕೆಳಗೆ 1856 ಎಂದು ಬರೆದಿದ್ದರೆ ಅದು ಒಳ್ಳೆಯ ಸಾಕ್ಷಿ. ಅದೇ ಪಟದ ಕೆಳಗೆ "ನಿನ್ನೆ ರಾತ್ರಿ ರಥದ ಗೋಪುರ ಕೆಡವಿದರು" ಎಂದು ಯಾರಾದರೂ ಬರೆದರೆ? ಊರಿಗೆ ಊರೇ ಜಗಳಕ್ಕೆ ಬರುತ್ತದೆ. ಪಟ ಅದೇ. ಬದಲಾಗಿದ್ದು ತಾರೀಖು ಮಾತ್ರ.

5. ನಾವು ಮಾಡಿದ ತಪ್ಪು

ಎರಡು ತಿಂಗಳು ಕಳೆಯಿತು. ಮಾರ್ಚ್ ತಿಂಗಳು. ಬೆಳಿಗ್ಗೆ ಶಾಲೆಗೆ ಹೊರಡುವ ಗಡಿಬಿಡಿ. ಒಂದು ಕೈಯಲ್ಲಿ ಮಗನ ಬುತ್ತಿ, ಇನ್ನೊಂದು ಕೈಯಲ್ಲಿ ಮೊಬೈಲು. ಪರಿಚಯದವರೊಬ್ಬರು ಒಂದು ಸುದ್ದಿ ಕಳಿಸಿದ್ದರು. ಚೀಲ ಹಿಡಿದ ಒಬ್ಬ ಹೆಂಗಸಿನ ಪಟ. ಅದರ ಕೆಳಗೆ ಹೀಗೆ ಇತ್ತು:

"ನಮ್ಮ ಊರಿಗೆ ಮಕ್ಕಳ ಕಳ್ಳರು ಬಂದಿದ್ದಾರೆ. ನಿನ್ನೆ ಇಬ್ಬರು ಮಕ್ಕಳನ್ನು ಹೊತ್ತೊಯ್ದಿದ್ದಾರೆ. ಎಲ್ಲರಿಗೂ ಕಳಿಸಿ."

ನಮಗೂ ಎರಡು ಮಕ್ಕಳು. ಎದೆ ಝಲ್ಲೆಂದಿತು. ಓಣಿಯ ತಾಯಂದಿರಿಗೆ ಗೊತ್ತಾಗಲಿ ಎಂದುಕೊಂಡೆವು. ಓಣಿಯ ಹೆಂಗಸರ ವಾಟ್ಸಾಪ್ ಗುಂಪಿಗೆ ಕಳಿಸಿ, ಬಸ್ಸು ಹಿಡಿದೆವು. ಟೀಚರು ಕಳಿಸಿದ್ದಾರೆ ಎಂದ ಮೇಲೆ ಸುಳ್ಳು ಇರುತ್ತದೆಯೇ? ಎಲ್ಲರೂ ನಂಬಿದರು.

ಸಂಜೆ ಐದು ಗಂಟೆ. ನಾವು ಓಣಿಗೆ ಕಾಲಿಟ್ಟಾಗ ಬೇವಿನ ಮರದ ಹತ್ತಿರ ಗುಂಪು. ನಡುವೆ ಒಬ್ಬ ಹೆಂಗಸು. ಕೂದಲು ತೆಗೆದುಕೊಂಡು ಪಿನ್ನು, ಬಾಚಣಿಗೆ, ಪ್ಲಾಸ್ಟಿಕ್ ಬುಟ್ಟಿ ಕೊಡುವವಳು. ಒಂದು ಮಗುವಿಗೆ ಬಲೂನು ಕೊಟ್ಟಿದ್ದಳಂತೆ. ಅಷ್ಟಕ್ಕೇ ಹಿಡಿದಿದ್ದರು. ಅವಳ ಚೀಲ ತಲೆಕೆಳಗೆ ಸುರಿದಿದ್ದರು. ಕೂದಲಿನ ಗಂಟು, ಪಿನ್ನಿನ ಡಬ್ಬಿ ಮಣ್ಣಿನಲ್ಲಿ ಬಿದ್ದಿದ್ದವು. ಒಬ್ಬ ಹುಡುಗ ಅವಳ ರಟ್ಟೆ ಹಿಡಿದಿದ್ದ. ಇನ್ನೊಬ್ಬನ ಕೈಯಲ್ಲಿ ಕೋಲು.

"ಯಕ್ಕಾ, ನಾನು ಕಂಪ್ಲಿ ಕಡೆಯಾಕಿ. ನಂಗೂ ಮಕ್ಕಳು ಅದಾವೆ" ಎಂದು ಅವಳು ಅಳುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ. "ಪಟದಾಗೂ ಚೀಲ ಐತೆ, ಇವಳ ಹತ್ರನೂ ಚೀಲ ಐತೆ" ಎಂದು ಒಬ್ಬರು ಕೂಗಿದರು.

ನಮ್ಮ ಬಾಯಿ ಒಣಗಿತು. ಮಾತೇ ಹೊರಡಲಿಲ್ಲ. ಅಷ್ಟರಲ್ಲಿ ಅತ್ತೆ ಗುಂಪನ್ನು ಸರಿಸಿಕೊಂಡು ಒಳಗೆ ಬಂದರು. ಅವಳ ಪಕ್ಕ ನಿಂತರು.

"ಯಾವ ಸುದ್ದಿ? ಕೊಡು ಇಲ್ಲಿ, ನಾನು ಓದ್ತೀನಿ" ಎಂದರು. ಒಬ್ಬರು ಮೊಬೈಲು ಕೊಟ್ಟರು.

ಅತ್ತೆ ಕನ್ನಡಕ ಹಾಕಿಕೊಂಡರು. ಬೆರಳಿಟ್ಟು ಒಂದೊಂದೇ ಪದ ಓದಿದರು. "ನ-ಮ್ಮ... ಊ-ರಿ-ಗೆ..." ಓದಲು ಬಹಳ ಹೊತ್ತು ಹಿಡಿಯಿತು. ಎಲ್ಲರೂ ಕಾದರು. ಕೂಗಾಟ ನಿಂತಿತು. ಓದಿ ಮುಗಿಸಿ ಅತ್ತೆ ನಮ್ಮ ಕಡೆ ತಿರುಗಿದರು.

"ಏನವ್ವಾ ಟೀಚರಮ್ಮ, ಪತ್ರ ಅಂದ್ರೆ ಊರು, ತಾರೀಖು, ಸಹಿ ಇರಬೇಕು ಅಂತ ನೀನೇ ಕಲಿಸೀಯಲ್ಲ? ಇದ್ರಾಗ ಮೂರೂ ಇಲ್ಲ! ನಮ್ಮ ಊರು ಅಂದ್ರೆ ಯಾವೂರು? ನಿನ್ನೆ ಅಂದ್ರೆ ಯಾವತ್ತು? ಇದನ್ನ ಯಾವ ಊರಾಗ ಓದಿದ್ರೂ 'ನಮ್ಮ ಊರು' ಅಂತೈತೆ. ಯಾವತ್ತು ಓದಿದ್ರೂ 'ನಿನ್ನೆ' ಅಂತೈತೆ!"

ಗುಂಪು ಸುಮ್ಮನಾಯಿತು. ರಟ್ಟೆ ಹಿಡಿದ ಹುಡುಗ ಕೈ ಬಿಟ್ಟ.

ಆಗ ನಮಗೆ ಮಾತು ಬಂತು. "ಈ ಸುದ್ದಿ ಗುಂಪಿಗೆ ಕಳಿಸಿದ್ದು ನಾವು. ನಿಜವೋ ಸುಳ್ಳೋ ನೋಡದೆ ಕಳಿಸಿದೆವು. ತಪ್ಪಾಯಿತು" ಎಂದು ಎಲ್ಲರ ಮುಂದೆ ಹೇಳಿದೆವು. ಬಗ್ಗಿ ಪಿನ್ನು ಆರಿಸಿದೆವು. ಕೋಲು ಹಿಡಿದವನೂ ಕೋಲು ಬಿಸಾಕಿ ಆರಿಸಿದ. 112ಕ್ಕೆ ಫೋನ್ ಮಾಡಿದೆವು. ಪೊಲೀಸರು ಬಂದು ವಿಚಾರಿಸಿದರು. ಅವಳು ಹೇಳಿದ್ದೆಲ್ಲ ಖರೇ ಇತ್ತು. ಅತ್ತೆ ಅವಳನ್ನು ಮನೆಗೆ ಕರೆದು ರೊಟ್ಟಿ ಕೊಟ್ಟರು. ಅವಳು ನೀರು ಮಾತ್ರ ಕುಡಿದಳು. ಕೈ ನಡುಗುತ್ತಿತ್ತು.

ನಾವು ಬೇಗ ಓದುವವರು. ಅತ್ತೆ ನಿಧಾನವಾಗಿ ಓದುವವರು. ಆದರೆ ಪೂರ್ತಿ ಓದಿದ್ದು ಅತ್ತೆಯೇ. ನಿಧಾನವಾಗಿ ಓದುತ್ತೇವೆ ಎಂದು ನೀವು ಯಾರೂ ನಾಚಿಕೆ ಪಡಬೇಡಿ.

6. ಬೀದರಿನಲ್ಲಿ ನಡೆದದ್ದು

ರಾತ್ರಿ ಯಜಮಾನರು ಆ ಪಟವನ್ನೇ ಕೊಟ್ಟು ಇಂಟರ್ನೆಟ್ಟಿನಲ್ಲಿ ಹುಡುಕಿದರು. ಹೀಗೆ ಪಟ ಕೊಟ್ಟು ಹುಡುಕುವ ಸೌಲಭ್ಯ ಗೂಗಲ್‌ನಲ್ಲಿ ಇದೆ. ಅದೇ ಪಟ ಬೇರೆ ಭಾಷೆಯಲ್ಲಿ, ಬೇರೆ ಊರಿನ ಹೆಸರಿನಲ್ಲೂ ಇತ್ತು. ಬಹಳ ಹಳೆಯದು.

ಅವರು ಇನ್ನೊಂದು ಸಂಗತಿ ಹೇಳಿದರು. 2018ರಲ್ಲಿ ಒಂದು ವಿಡಿಯೋ ನಮ್ಮ ದೇಶದಲ್ಲೆಲ್ಲ ಓಡಾಡಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೋ. ಅದು ನಮ್ಮ ದೇಶದ್ದೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ, ಮಕ್ಕಳನ್ನು ಜೋಪಾನ ಮಾಡಿ ಎಂದು ತಿಳಿಹೇಳಲು ತಯಾರಿಸಿದ ಚಿತ್ರ ಅದು. ಚಿತ್ರದ ಕೊನೆಯಲ್ಲಿ ಮಗುವನ್ನು ತಂದು ಬಿಡುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿ, ಉಳಿದದ್ದನ್ನು ಹಂಚಿದರು.

ಆ ವರ್ಷ ಇಂಥ ಸುಳ್ಳು ಸುದ್ದಿ ನಂಬಿ ಹಲವು ಕಡೆ ಅಮಾಯಕರನ್ನು ಹೊಡೆದರು. ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಬೀದರ್ ಜಿಲ್ಲೆಗೆ ಹೈದರಾಬಾದಿನಿಂದ ಗೆಳೆಯರು ಕಾರಿನಲ್ಲಿ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು. ಮಕ್ಕಳ ಕಳ್ಳರು ಎಂಬ ಸುದ್ದಿ ವಾಟ್ಸಾಪಿನಲ್ಲಿ ಓಡಿತು. ಮುರ್ಕಿ ಎಂಬ ಊರಿನ ಹತ್ತಿರ ಜನ ಅವರ ಮೇಲೆ ಬಿದ್ದರು. ಒಬ್ಬ ತರುಣ ಸತ್ತೇ ಹೋದ. ಅವನು ಎಂಜಿನಿಯರ್ ಆಗಿದ್ದ. ಅವನ ತಪ್ಪು ಏನೂ ಇರಲಿಲ್ಲ.

ಇದನ್ನು ಕೇಳಿ ನಮಗೆ ಅವತ್ತು ನಿದ್ದೆ ಬರಲಿಲ್ಲ. ಅತ್ತೆ ಅರ್ಧ ಗಂಟೆ ತಡವಾಗಿ ಬಂದಿದ್ದರೆ?

ಬೆಳಿಗ್ಗೆ ಎದ್ದು ಗುಂಪಿಗೆ ಇನ್ನೊಂದು ಸುದ್ದಿ ಬರೆದೆವು. ನಿನ್ನೆ ಕಳಿಸಿದ್ದು ಸುಳ್ಳು ಎಂದು ತಿಳಿಸಿದೆವು. ಊರು ಹಾಕಿದೆವು. ತಾರೀಖು ಹಾಕಿದೆವು. ಕೆಳಗೆ ನಮ್ಮ ಹೆಸರು ಬರೆದೆವು. ಸುಳ್ಳನ್ನು ಬಹಳ ಜನ ಮುಂದೆ ಕಳಿಸಿದ್ದರು. ನಿಜವನ್ನು ಮುಂದೆ ಕಳಿಸಿದವರು ಕೆಲವರೇ. ಅದಕ್ಕೇ ಕಳಿಸುವ ಮೊದಲೇ ನೋಡಬೇಕು.

7. ಮೂರು ಪ್ರಶ್ನೆ ಕೇಳಿ

ನಮ್ಮ ಹಿರಿಯರ ಗಾದೆ ಇದೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಮೊಬೈಲಿಗೆ ಸುದ್ದಿ ಬಂದರೆ ಮೂರು ಪ್ರಶ್ನೆ ಕೇಳಿ.

ಎಲ್ಲಿ? ಊರಿನ ಹೆಸರು ಇದೆಯೇ? ಬರೀ "ನಮ್ಮ ಊರು" ಎಂದರೆ ಸಾಲದು.

ಯಾವಾಗ? ತಾರೀಖು ಇದೆಯೇ? "ನಿನ್ನೆ" ಎನ್ನುವುದು ತಾರೀಖಲ್ಲ.

ಯಾರು? ಬರೆದವರ ಹೆಸರು ಇದೆಯೇ? ಕಳಿಸಿದವರಿಗೆ ಫೋನ್ ಮಾಡಿ. "ನೀವು ಕಣ್ಣಾರೆ ಕಂಡಿರಾ?" ಎಂದು ಕೇಳಿ.

ಮೂರೂ ಇದ್ದರೂ ಸುದ್ದಿ ನಿಜವೇ ಎಂದು ಹೇಳಲಾಗದು. ಸುಳ್ಳು ಬರೆಯುವವರು ಸುಳ್ಳು ತಾರೀಖನ್ನೂ ಬರೆಯಬಹುದು. ಆದರೆ ಊರು, ತಾರೀಖು ಇದ್ದರೆ ವಿಚಾರಿಸಲು ದಾರಿ ಸಿಗುತ್ತದೆ. ಪತ್ರಿಕೆ ನೋಡಿ. ರೇಡಿಯೋ ಕೇಳಿ. ಪೊಲೀಸ್ ಠಾಣೆಯಲ್ಲಿ ಕೇಳಿ.

ವಾಟ್ಸಾಪಿನಲ್ಲಿ ಒಂದು ಗುರುತು ಇದೆ. ಸುದ್ದಿಯ ಮೇಲೆ ಒಂದು ಬಾಣ ಇದ್ದರೆ, ಅದು ಬೇರೆಯವರಿಂದ ಬಂದದ್ದನ್ನು ಮುಂದೆ ದಾಟಿಸಿದ್ದು. ಎರಡು ಬಾಣ ಇದ್ದರೆ, ಐದು ಅಥವಾ ಹೆಚ್ಚು ಕೈ ದಾಟಿ ಬಂದದ್ದು. ಎರಡು ಬಾಣ ಕಂಡರೆ ಕೈ ತಡೆಯಿರಿ. ನಾವು ಕಳಿಸಿದ ಸುದ್ದಿಯ ಮೇಲೂ ಎರಡು ಬಾಣ ಇತ್ತು. ನಾವು ನೋಡಲಿಲ್ಲ.

ಇನ್ನೂ ಒಂದು ಮಾತು. ಈಗ ಕ್ಯಾಮೆರಾ ಇಲ್ಲದೆ ಕಂಪ್ಯೂಟರೇ ಪಟ ಮಾಡುತ್ತದೆ. ಒಬ್ಬರ ದನಿಯನ್ನೂ ಅನುಕರಿಸುತ್ತದೆ. ಇದಕ್ಕೆ ಕೃತಕ ಬುದ್ಧಿಮತ್ತೆ ಎನ್ನುತ್ತಾರೆ. ಆದ್ದರಿಂದ ಬರೀ ಕಣ್ಣು, ಬರೀ ಕಿವಿ ಸಾಲದು. ವಿಚಾರಿಸಬೇಕು.

ಮಕ್ಕಳ ಬಗ್ಗೆ ನಿಜವಾಗಿ ಸಂಶಯ ಬಂದರೆ 112 ಅಥವಾ 1098ಕ್ಕೆ ಫೋನ್ ಮಾಡಿ. ಯಾರ ಮೇಲೂ ಕೈ ಮಾಡಬೇಡಿ.

8. ಅತ್ತೆಯ ದನಿ

ಈಗಲೂ ಭಾನುವಾರ ಯಜಮಾನರು ಅತ್ತೆಯ ಪದಗಳನ್ನು ಮೊಬೈಲಿನಲ್ಲಿ ಹಿಡಿಯುತ್ತಾರೆ. ಮೊದಲು ಅತ್ತೆ ಸೀದಾ ಪದ ಹೇಳಲು ಶುರು ಮಾಡುತ್ತಿದ್ದರು. ಈಗ ಹಾಗಲ್ಲ. "ತಡೀಯಪ್ಪಾ" ಎನ್ನುತ್ತಾರೆ. ಗಂಟಲು ಸರಿ ಮಾಡಿಕೊಳ್ಳುತ್ತಾರೆ. ಮೊದಲು ತಮ್ಮ ಹೆಸರು ಹೇಳುತ್ತಾರೆ. ಸಂಡೂರು ಎನ್ನುತ್ತಾರೆ. ಗೋಡೆಯ ಕ್ಯಾಲೆಂಡರ್ ನೋಡಿ ಅವತ್ತಿನ ತಾರೀಖು ಓದುತ್ತಾರೆ. ಪದ ಶುರುವಾಗುವುದು ಆಮೇಲೆ.

"ನಾಳೆ ನಾನಿರೋದಿಲ್ಲ. ಮೊಮ್ಮಕ್ಕಳು ಇದು ಯಾರ ದನಿ, ಯಾವಾಗಿಂದು ಅಂತ ಕೇಳಬಾರ್ದು ನೋಡು" ಎನ್ನುತ್ತಾರೆ.

ಕೂದಲಿಗೆ ಪಿನ್ನು ಕೊಡುವ ಆ ಹೆಂಗಸು ಮತ್ತೆ ನಮ್ಮ ಓಣಿಗೆ ಬಂದಿಲ್ಲ. ಅತ್ತೆ ಬಾಚಿದಾಗ ಉದುರಿದ ಕೂದಲನ್ನು ಗಂಟು ಕಟ್ಟಿ ಇಟ್ಟಿದ್ದಾರೆ. ಅವಳು ಬಂದರೆ ಕೊಡಬೇಕು ಎಂದು.

ಹೊಸ ಪದಗಳು

ಮಾಧ್ಯಮ: ಸುದ್ದಿಯನ್ನು ಹಲವರಿಗೆ ಮುಟ್ಟಿಸುವ ಸಾಧನ
ಸಾಕ್ಷಿ: ನಡೆದದ್ದು ನಿಜ ಎಂದು ತೋರಿಸುವ ಗುರುತು ಅಥವಾ ವ್ಯಕ್ತಿ
ಅಮಾಯಕ: ಏನೂ ತಪ್ಪು ಮಾಡದವನು
ಪ್ರಮಾಣಿಸು: ನಿಜವೋ ಸುಳ್ಳೋ ಎಂದು ವಿಚಾರಿಸಿ ತಿಳಿ
ಅನುಕರಿಸು: ಇನ್ನೊಬ್ಬರಂತೆಯೇ ಮಾಡಿ ತೋರಿಸು

ಉತ್ತರ ಹೇಳಿ

1. ಮಕ್ಕಳು ಮಳೆ ಎಂದುಕೊಂಡ ಸದ್ದು ಯಾವುದು?
2. ಕತ್ತಲ ಕೋಣೆಯಲ್ಲಿ ಗೋಪುರ ಏಕೆ ತಲೆಕೆಳಗಾಗಿ ಕಾಣುತ್ತದೆ?
3. ಕಲ್ಲಿನ ರಥದ 1856ರ ಪಟಕ್ಕೂ ಈಗಿನ ನೋಟಿನ ಚಿತ್ರಕ್ಕೂ ಏನು ವ್ಯತ್ಯಾಸ?
4. ಪತ್ರದಲ್ಲಿ ಇರಬೇಕಾದ ಯಾವ ಮೂರು ಸಂಗತಿ ಆ ಸುದ್ದಿಯಲ್ಲಿ ಇರಲಿಲ್ಲ?

ಮಾಡಿ ನೋಡಿ

1. ಐವತ್ತು ರೂಪಾಯಿ ನೋಟಿನ ಹಿಂಬದಿ 15 ಭಾಷೆಗಳ ಸಾಲು ಇದೆ. ಮೇಲಿನಿಂದ ನಾಲ್ಕನೆಯ ಸಾಲು ಕನ್ನಡ. ಓದಿ.
2. ಒಂದು ರಟ್ಟಿನ ಡಬ್ಬ ತೆಗೆದುಕೊಳ್ಳಿ. ಒಂದು ಬದಿಗೆ ಸೂಜಿಯಿಂದ ತೂತು ಮಾಡಿ. ಎದುರು ಬದಿಯನ್ನು ಕತ್ತರಿಸಿ, ಎಣ್ಣೆ ಸವರಿದ ತೆಳು ಕಾಗದ ಅಂಟಿಸಿ. ತೂತನ್ನು ಬಿಸಿಲಿನಲ್ಲಿರುವ ಮರದ ಕಡೆ ಹಿಡಿಯಿರಿ. ತಲೆಯ ಮೇಲೆ ಕಂಬಳಿ ಹೊದ್ದು ಕಾಗದ ನೋಡಿ. ಮರ ಹೇಗೆ ಕಾಣುತ್ತದೆ? ಸೂರ್ಯನ ಕಡೆ ಮಾತ್ರ ಹಿಡಿಯಬೇಡಿ.
3. ನಿಮ್ಮ ಮೊಬೈಲಿಗೆ ಬಂದ ಒಂದು ಸುದ್ದಿಯನ್ನು ಕೇಂದ್ರದಲ್ಲಿ ಗಟ್ಟಿಯಾಗಿ ಓದಿ. ಮೂರು ಪ್ರಶ್ನೆ ಕೇಳಿ. ಎಲ್ಲರೂ ಕೂಡಿ ಚರ್ಚಿಸಿ.